ಪಿನ್ನು ಹಾರಿತು, ಮಂಡಕ್ಕಿಯಲ್ಲಿ ಬಿತ್ತು

ಗಿಟಾರಿನ ಮೊದಲ ತಂತಿ ಶ್ರುತಿಗೆ ಬರಲು ಇನ್ನೇನು ಅರ್ಧ ಸುತ್ತು ಬಾಕಿ ಅನ್ನುವಾಗ ತಂತಿಯ ಬುಡ ಹಿಡಿಯುವ ಬ್ರಿಡ್ಜಿನ ಪಿನ್ನು 'ಟಪ್' ಅಂತ ಹಾರುತ್ತದಲ್ಲ, ಅದು ಎಲ್ಲಿಗೆ ಹೋಗಿ ಬೀಳುತ್ತದೆ ಅನ್ನುವುದಕ್ಕೆ ಯಾವ ಶಾಸ್ತ್ರವೂ ಇಲ್ಲ. ಮಂಚದ ಕೆಳಗೆ, ಕೂಲರಿನ ನೀರಿಗೆ, ಸಂಜೆ ಹೊತ್ತಾಗಿದ್ದರೆ ಪಕ್ಕದಲ್ಲಿಟ್ಟ ಮಂಡಕ್ಕಿ ಒಗ್ಗರಣೆ ತಟ್ಟೆಗೆ. ಬಳ್ಳಾರಿಯಲ್ಲಿ ಸಂಜೆ ಹೊತ್ತು ಆ ತಟ್ಟೆ ಇಲ್ಲದ ಮನೆ ಎಲ್ಲಿದೆ? ಒಗ್ಗರಣೆಯಲ್ಲಿ ಬಿದ್ದ ಬಿಳಿ ಪಿನ್ನು ಕಣ್ಣಿಗೆ ಸಿಗುವುದಿಲ್ಲ, ಹಲ್ಲಿಗೆ ಸಿಗುತ್ತದೆ.

ಸಿಕ್ಕಿದ್ದನ್ನು ತೊಳೆದು, ಅದೇ ತೂತಿಗೆ ತುರುಕಿ, ಹೆಬ್ಬೆರಳಲ್ಲಿ ಒತ್ತಿ ಮತ್ತೆ ಕೀ ತಿರುಗಿಸಿದರೆ ಮತ್ತೆ ಟಪ್. ಮೂರನೇ ಸಲ ಚಪ್ಪಲಿಯಲ್ಲಿ ಎರಡು ಏಟು. ನಾಲ್ಕನೇ ಸಲ ತೀರ್ಪು: "ಪಿನ್ನೇ ಸರಿ ಇಲ್ಲ, ಆರೂ ಬದಲಾಯಿಸಬೇಕು."

ಪಾಪದ ಪಿನ್ನಿನ ಪರವಾಗಿ ಎರಡು ಮಾತು. 12–53ರ (ಅತಿ ತೆಳು ತಂತಿ 0.012 ಇಂಚು, ಅತಿ ದಪ್ಪದ್ದು 0.053) ಲೈಟ್ ಸೆಟ್ಟು ಪೂರ್ತಿ ಶ್ರುತಿಗೆ ಬಂದಾಗ ಆರೂ ತಂತಿ ಸೇರಿ 70 ಕಿಲೋಗೂ ಹೆಚ್ಚು ಎಳೆಯುತ್ತವೆ. ಗಂಗಾವತಿ ಸೋನಾಮಸೂರಿಯ 25 ಕಿಲೋ ಚೀಲ ಹತ್ತಿರ ಹತ್ತಿರ ಮೂರು. ಅದನ್ನು ತಡೆಯುವ ಕೆಲಸ ಪಿನ್ನಿನದಲ್ಲ. ತಂತಿ ತುದಿಯ ಗುಂಡು ಪೆಟ್ಟಿಗೆಯ ಒಳಗೆ, ಬ್ರಿಡ್ಜ್ ಪ್ಲೇಟ್ ಎಂಬ ಗಟ್ಟಿ ಮರದ ಹಲಗೆಗೆ ಕೆಳಗಿನಿಂದ ಆನಿ ನಿಲ್ಲಬೇಕು. ಆ ಗುಂಡು ಮತ್ತೆ ತೂತಿಗೆ ಜಾರದಂತೆ ಒತ್ತರಿಸಿ ನಿಂತರೆ ಪಿನ್ನಿನ ಡ್ಯೂಟಿ ಮುಗಿಯಿತು. ನಾವು ಮಾಡುವುದೇನು? ಗುಂಡನ್ನು ಪಿನ್ನಿನ ತುದಿಯ ಅಡಿಗೇ ಕೂರಿಸುತ್ತೇವೆ. ಮೊದಲ ತಂತಿಯೊಂದರದೇ ಹತ್ತು ಕಿಲೋ ಎಳೆತ ಅಡಿಯಿಂದ ನೆಟ್ಟಗೆ ಒದೆಯುತ್ತದೆ. ಹಾರದೆ ಇನ್ನೇನು ಮಾಡೀತು?

ಗುಂಡಿನ ಹತ್ತಿರ ತಂತಿಯನ್ನು ಸ್ವಲ್ಪ ಬಗ್ಗಿಸಿ ತೂತಿಗೆ ಬಿಡಿ. ಪಿನ್ನಿನ ಸೀಳು ಪೆಟ್ಟಿಗೆಯ ನಡುವಿನ ದೊಡ್ಡ ತೂತು, ಅಂದರೆ ಸೌಂಡ್‌ಹೋಲಿನ ಕಡೆಗಿರಲಿ. ಪಿನ್ನನ್ನು ಹಗುರಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಂತಿಯನ್ನು ಮೇಲಕ್ಕೆ ಎಳೆಯಿರಿ. ಗುಂಡು ಹಲಗೆಗೆ ತಾಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಮುಖ ಮಾತ್ರ ಪಿನ್ನಿನ ನೇರಕ್ಕೆ ಇಡಬೇಡಿ. ಹಾರುವ ಪಿನ್ನುಗಳಲ್ಲಿ ಬಹುಪಾಲು ಇಷ್ಟಕ್ಕೇ ಸುಮ್ಮನಾಗುತ್ತವೆ.

ಆದರೆ ಅಷ್ಟರೊಳಗೆ ಇಕ್ಕಳದ ಅಣ್ಣ ಬಂದಿರುತ್ತಾನೆ.

ಪ್ರತಿ ಓಣಿಗೂ ಒಬ್ಬ ಇದ್ದಾನೆ. ಕೂಲರ್ ಮೋಟಾರು, ಮಿಕ್ಸಿ, ಗಿಟಾರು ಎಲ್ಲಕ್ಕೂ ಅವನದು ಒಂದೇ ಇಕ್ಕಳ. "ಇಲ್ಲಿ ಕೊಡಪಾ, ಎರಡ್ ನಿಮಿಷದ ಕೆಲ್ಸ ಐತಿ" ಅನ್ನುತ್ತಾನೆ. ತಂತಿ ಸಡಿಲ ಮಾಡುವ ಪದ್ಧತಿ ಅವನಲ್ಲಿಲ್ಲ. ಪಿನ್ನಿನ ತಲೆ ಹಿಡಿದು, ಬ್ರಿಡ್ಜಿಗೆ ಇಕ್ಕಳದ ಬೆನ್ನು ಕೊಟ್ಟು ಮೀಟುತ್ತಾನೆ. ತಲೆ ಕೈಗೆ ಬರುತ್ತದೆ, ಮುಂಡ ತೂತಿನಲ್ಲೇ ಉಳಿಯುತ್ತದೆ. ಕಿತ್ತು ಬಂದ ತಲೆಯನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ನೋಡಿ, "ಮಾಲೇ ಡೂಪ್ಲಿಕೇಟ್ ಐತಿ ಬಿಡಪಾ" ಎಂದು ನಿರ್ಣಯ ಕೊಡುತ್ತಾನೆ. ಆಮೇಲೆ ಮುಂಡಕ್ಕೆ ಸ್ಕ್ರೂ ತಿರುಗಿಸಿ ಎಳೆಯುವ ಪ್ರಯೋಗ. ಬ್ರಿಡ್ಜಿನ ಮೇಲೆ ನಾಲ್ಕು ಹೊಸ ಗೀರು. ಚಹಾ ಬರುತ್ತದೆ. ಕೊನೆಗೆ ಆ ತೂತಿಗೆ ಅರ್ಧ ಪೆನ್ಸಿಲ್ ಜಡಿದು, "ಈಗ ನುಡಸು" ಅಂದು, ಇಕ್ಕಳ ಒರೆಸಿಕೊಂಡು ಹೋಗುತ್ತಾನೆ. ದುಃಖವೇನೆಂದರೆ, ಪೆನ್ಸಿಲ್ಲು ಒಂದು ವಾರ ನಿಲ್ಲುತ್ತದೆ. ಅವನ ಮೇಲೆ ಓಣಿಯ ನಂಬಿಕೆ ಇನ್ನೊಂದು ವರ್ಷ ಗಟ್ಟಿ.

ಬಿಗಿಯಾಗಿ ಕೂತ ಪಿನ್ನಿಗೆ ಇಕ್ಕಳ ಬೇಡ. ತಂತಿ ಪೂರ್ತಿ ಸಡಿಲಿಸಿ, ಆ ತಂತಿಯನ್ನೇ ತೂತಿನೊಳಕ್ಕೆ ಸ್ವಲ್ಪ ನೂಕಿ. ಗುಂಡು ಬಿಟ್ಟುಕೊಳ್ಳುತ್ತದೆ. ಆಮೇಲೆ ಸೌಂಡ್‌ಹೋಲಿನಿಂದ ಕೈ ಹಾಕಿ, ಐದು ರೂಪಾಯಿ ನಾಣ್ಯದಿಂದ ಪಿನ್ನನ್ನು ಅಡಿಯಿಂದ ಒತ್ತಿ.

ಹಾಗೆ ಕೈ ಹಾಕಿದಾಗ ಗಿಟಾರು ತನ್ನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಸಿಗುತ್ತದೆ. ಕಳೆದುಹೋದ ಪಿಕ್ಕು, ಕಡಿದ ತಂತಿಯ ತುಂಡು, ಧೂಳಿನ ಉಂಡೆ. ಕೆಲವು ಗಿಟಾರುಗಳಲ್ಲಿ ಕಾಲೇಜ್ ಡೇಗೆ ಬರೆದ ಹಾಡಿನ ಚೀಟಿ, ಎರಡನೇ ಚರಣ ಯಾರದೋ ದುಂಡು ಅಕ್ಷರದಲ್ಲಿ. ಆ ಅಕ್ಷರದವರು ಈಗ ಯಾವ ಊರಲ್ಲಿದ್ದಾರೋ. ಚೀಟಿಯನ್ನು ಮಡಿಸಿ ಒಳಗೇ ಹಾಕುವುದು ವಾಡಿಕೆ.

ಸರಿ, ನಿಜವಾಗಿ ಬದಲಾಯಿಸಬೇಕಾದದ್ದು ಯಾವಾಗ? ಪಿನ್ನು ತೆಗೆದು ತುದಿ ನೋಡಿ. ಗುಂಡು ಕೊರೆದು ಹಳ್ಳ ಬಿದ್ದಿದ್ದರೆ, ಪಿನ್ನು ಬಾಗಿದ್ದರೆ, ತಲೆ ಬಿರಿದಿದ್ದರೆ, ತೂತಿನಲ್ಲಿ ಲೊಡಲೊಡ ಅಂದರೆ ಬದಲಾಯಿಸಿ. ಜೊತೆಗೆ ಫೋನಿನ ಟಾರ್ಚ್ ಹಚ್ಚಿ ಸೌಂಡ್‌ಹೋಲಿನೊಳಗೆ ಹಿಡಿದು ಒಂದು ಫೋಟೋ ತೆಗೆಯಿರಿ. ಬ್ರಿಡ್ಜ್ ಪ್ಲೇಟಿನ ತೂತುಗಳು ಗುಂಡು ತಿಂದು ಅಗಲವಾಗಿದ್ದರೆ ಹೊಸ ಪಿನ್ನು ಹಾಕಿ ಪ್ರಯೋಜನವಿಲ್ಲ, ಹಲಗೆಯನ್ನೇ ರಿಪೇರಿ ಮಾಡಿಸಬೇಕು. ತಂತಿಯ ಬುಡದ ದಪ್ಪ ಸುತ್ತು ಮೇಲೆದ್ದು ಸ್ಯಾಡಲ್ (ಬ್ರಿಡ್ಜಿನ ಮೇಲೆ ತಂತಿ ಆನುವ ಪಟ್ಟಿ) ಹತ್ತುತ್ತಿದ್ದರೆ ಅದೂ ಇದೇ ರೋಗದ ಲಕ್ಷಣ.

ಆನ್‌ಲೈನಿನಲ್ಲಿ 'ಎಲ್ಲಾ ಗಿಟಾರಿಗೂ ಹೊಂದುತ್ತದೆ' ಅನ್ನುವ ಪ್ಯಾಕೆಟ್ಟು ಯಾವ ಗಿಟಾರಿಗೂ ಹೊಂದುವುದಿಲ್ಲ. ಪಿನ್ನು ಕೆಳಕ್ಕೆ ಹೋದಂತೆ ಸಣ್ಣಗಾಗುವ ಇಳಿಜಾರಿನಲ್ಲಿ 3 ಡಿಗ್ರಿ, 5 ಡಿಗ್ರಿ ಎಂಬ ಎರಡು ಜಾತಿ ಹೆಚ್ಚು. 5ರ ತೂತಿಗೆ 3ರದು ಹಾಕಿದರೆ ಒಂದು ಕಡೆ ಮಾತ್ರ ಕಚ್ಚಿ, ಇನ್ನೊಂದು ಕಡೆ ಆಡುತ್ತಿರುತ್ತದೆ. ಹಳೆಯ ಪಿನ್ನನ್ನು ವರ್ನಿಯರ್‌ನಲ್ಲಿ ತಲೆಯ ಕೆಳಗೊಮ್ಮೆ, ತುದಿಯಲ್ಲೊಮ್ಮೆ ಅಳೆದು, ಉದ್ದವನ್ನೂ ಬರೆದಿಟ್ಟುಕೊಂಡು ಆರ್ಡರ್ ಮಾಡಿ. ದಪ್ಪ ಪಿನ್ನನ್ನು ಬಡಿದು ಕೂರಿಸಿದರೆ ಅದು ಬೆಣೆಯಂತೆ ಕೆಲಸ ಮಾಡಿ, ತೂತಿನಿಂದ ತೂತಿಗೆ ಬ್ರಿಡ್ಜ್ ಸೀಳುತ್ತದೆ.

ಇನ್ನು ನಾದದ ಮಾತು. ಮೂಳೆ, ಎಬೊನಿ ಎಂಬ ಕರಿ ಮರ, ಹಿತ್ತಾಳೆ ಅಂತ ಪಿನ್ನು ಹಾಕಿ "ಆಹಾ, ಏನು ಬದಲಾವಣೆ!" ಅನ್ನುವವರು ಅದೇ ದಿನ ತಂತಿಯನ್ನೂ ಹೊಸದು ಹಾಕಿರುತ್ತಾರೆ. ಹಿತ್ತಾಳೆ ಅದೇ ಅಳತೆಯ ಪ್ಲಾಸ್ಟಿಕ್ಕಿಗಿಂತ ಸುಮಾರು ಎಂಟು ಪಟ್ಟು ಭಾರ. ಬ್ರಿಡ್ಜಿನ ಮೇಲೆ ಅಷ್ಟು ತೂಕ ಹೇರಿದರೆ ಒಂದಿಷ್ಟು ವ್ಯತ್ಯಾಸ ಕೇಳೀತು, ಅದು ಹಿತವೇ ಆಗಬೇಕೆಂದೇನಿಲ್ಲ. ಮೂಳೆ, ಎಬೊನಿ ಬೇಗ ಸವೆಯುವುದಿಲ್ಲ. ಕೊಳ್ಳಲು ಅಷ್ಟೇ ಕಾರಣ ಸಾಕು.

ಹಳೆಯ ಪಿನ್ನುಗಳಲ್ಲಿ ಚೆನ್ನಾಗಿರುವ ಎರಡನ್ನು ಡಬ್ಬಿಯಲ್ಲಿಡಿ, ಮಂಚದ ಕೆಳಗೆ ಹೋದದ್ದು ಅದೇ ದಿನ ಸಿಗುವುದಿಲ್ಲ. ಕೆಲಸ ಶುರು ಮಾಡುವ ಮುಂಚೆ ಒಗ್ಗರಣೆ ತಿಂದು ಮುಗಿಸಿ. ಬಾಗಿಲಿಗೆ ಚಿಲಕ ಹಾಕುವುದನ್ನೂ ಮರೆಯಬೇಡಿ. ಟಪ್ ಅನ್ನುವ ಸದ್ದು ಅಣ್ಣನ ಕಿವಿಗೆ ಎರಡು ಮನೆ ಆಚೆಯಿಂದಲೂ ಕೇಳುತ್ತದೆ.