ಕವಾಸಾಕಿ ರೋಗಕ್ಕೆ ವಯಸ್ಸಿಗೊಂದು ಮಾನದಂಡ ಬೇಕೇ?

ಪರ

ಮಕ್ಕಳ ರಕ್ತನಾಳಗಳಿಗೆ ಉರಿಯೂತ ತರುವ ಕವಾಸಾಕಿ ರೋಗವನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಂದಿಗೂ ಇಲ್ಲ. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿದಂದಿನಿಂದಲೂ ರೋಗನಿರ್ಣಯ ನಿಂತಿರುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ಲಕ್ಷಣಗಳ ಮೇಲೆ. ಕನಿಷ್ಠ ಐದು ದಿನದ ಜ್ವರ ಇರಬೇಕು. ಜೊತೆಗೆ ಕೀವಿಲ್ಲದೆ ಕೆಂಪಾದ ಎರಡೂ ಕಣ್ಣು, ಒಡೆದ ತುಟಿ ಅಥವಾ ಕೆಂಪೇರಿದ ನಾಲಿಗೆ, ಮೈಮೇಲಿನ ದದ್ದು, ಕೈಕಾಲುಗಳ ಊತ, ಕತ್ತಿನಲ್ಲಿ ಕನಿಷ್ಠ ಒಂದೂವರೆ ಸೆಂಟಿಮೀಟರ್ ಗಾತ್ರದ ಗಂಟು, ಈ ಐದರಲ್ಲಿ ನಾಲ್ಕು ಕಾಣಬೇಕು. ರೋಗಿಗಳಲ್ಲಿ ಬಹುಪಾಲು ಐದು ವರ್ಷದೊಳಗಿನವರು. ಎರಡು ಮೂರು ವರ್ಷದ ಮಗುವಿಗೆ ಈ ಪಟ್ಟಿ ಚೆನ್ನಾಗಿ ಹೊಂದುತ್ತದೆ. ತೊಂದರೆ ಇರುವುದು ಅದಕ್ಕಿಂತ ಚಿಕ್ಕವರಲ್ಲಿ ಮತ್ತು ದೊಡ್ಡವರಲ್ಲಿ.

ಆರು ತಿಂಗಳೊಳಗಿನ ಕೂಸಿನಲ್ಲಿ ಬಿಡದ ಜ್ವರ ಮತ್ತು ಸಮಾಧಾನವಾಗದ ಅಳುವಿನ ಹೊರತು ಬೇರೇನೂ ಕಾಣದೆ ಇರಬಹುದು. ಒಂದು ದಿನ ಎದ್ದ ದದ್ದು ಮರುದಿನ ಮಾಯವಾಗುತ್ತದೆ. ಕತ್ತಿನ ಗಂಟಂತೂ ಅಪರೂಪ. ಮೂತ್ರದಲ್ಲಿ ಬಿಳಿ ರಕ್ತಕಣಗಳು ಕಂಡಾಗ ಮೂತ್ರನಾಳದ ಸೋಂಕೆಂದು ಆಂಟಿಬಯೋಟಿಕ್ ಕೊಡುತ್ತಾರೆ; ಆಮೇಲೆ ದದ್ದು ಬಂದರೆ ಅದು ಔಷಧಿಯ ಅಲರ್ಜಿಯ ಲೆಕ್ಕಕ್ಕೆ ಹೋಗುತ್ತದೆ. ಹೃದಯದ ಕೊರೋನರಿ ರಕ್ತನಾಳಗಳು ಉಬ್ಬುವ ಅಪಾಯ ಅತಿ ಹೆಚ್ಚಿರುವುದು ಇದೇ ವಯಸ್ಸಿನಲ್ಲಿ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಉಬ್ಬು ಬರುತ್ತದೆ. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೋಗ್ಲೋಬ್ಯುಲಿನ್ (ರಕ್ತದ ಪ್ರತಿಕಾಯಗಳಿಂದಾದ ಔಷಧಿ) ಕೊಟ್ಟರೆ ಆ ಪ್ರಮಾಣ ಶೇ. 4ರ ಆಸುಪಾಸಿಗೆ ಇಳಿಯುತ್ತದೆ. ಬೆರಳ ತುದಿಯ ಚರ್ಮ ಸುಲಿಯುವುದು ಎರಡನೇ ಮೂರನೇ ವಾರದಲ್ಲಿ. ಅಷ್ಟರವರೆಗೆ ಕಾದರೆ ಈ ಅವಧಿಯೇ ಕಳೆದುಹೋಗಬಹುದು.

ಎಂಟು ಹತ್ತು ವರ್ಷದ ಮಕ್ಕಳ ಕಥೆ ಬೇರೆ. ಜ್ವರದ ಜೊತೆ ಕತ್ತಿನ ಗಂಟೇ ಮೊದಲು ಎದ್ದು ಕಾಣುವುದರಿಂದ ಅದನ್ನು ಬ್ಯಾಕ್ಟೀರಿಯಾ ಸೋಂಕೆಂದೇ ತಿಳಿಯುತ್ತಾರೆ. ಕೀಲುನೋವು, ಹೊಟ್ಟೆನೋವು, ವಾಂತಿ ದಾರಿ ತಪ್ಪಿಸುತ್ತವೆ. ಇದು ಚಿಕ್ಕ ಮಕ್ಕಳ ಕಾಯಿಲೆಯೆಂಬ ನಂಬಿಕೆಯೂ ಸೇರಿ ನಿರ್ಣಯ ತಡವಾಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಕಾರಣ ತಿಳಿಯದ ಜ್ವರ ಏಳನೇ ದಿನಕ್ಕೆ ಬಂದರೆ, ಬೇರೆ ಲಕ್ಷಣವಿಲ್ಲದಿದ್ದರೂ ಪರೀಕ್ಷಿಸಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಕೂಸುಗಳ ವಿಷಯದಲ್ಲಿ ಒಪ್ಪಿದ ತರ್ಕವನ್ನು ದೊಡ್ಡ ಮಕ್ಕಳಿಗೂ ವಿಸ್ತರಿಸಿ, ಎರಡಕ್ಕೂ ಪ್ರತ್ಯೇಕ ಮಾನದಂಡ ಬರೆಯಬೇಕು.

ವಿರೋಧ

ವಯಸ್ಸಿಗೆ ತಕ್ಕಂತೆ ರೋಗದ ರೂಪ ಬದಲಾಗುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕಾಗಿ ಮೂರು ಪಟ್ಟಿ ಮಾಡಿದರೆ ಗೆರೆ ಎಲ್ಲಿ ಎಳೆಯುವುದು? ಆರು ತಿಂಗಳ ಕೂಸಿಗೆ ಒಂದು ನಿಯಮ, ಏಳು ತಿಂಗಳದ್ದಕ್ಕೆ ಇನ್ನೊಂದು ಎಂದರೆ, ಗೆರೆಯ ಆಚೆಗಿನ ಮಗುವಿನ ಬಗ್ಗೆ ವೈದ್ಯರಲ್ಲಿ ಸುಳ್ಳು ನಿಶ್ಚಿಂತೆ ಹುಟ್ಟುತ್ತದೆ.

ಅಪೂರ್ಣ ರೂಪದ ಕವಾಸಾಕಿಗೆ ದಾರಿ ಆಗಲೇ ಇದೆ, ಅದು ಎಲ್ಲ ವಯಸ್ಸಿಗೂ ತೆರೆದಿದೆ. ಐದು ದಿನದ ಜ್ವರದೊಡನೆ ಎರಡು ಮೂರು ಲಕ್ಷಣಗಳಷ್ಟೇ ಇದ್ದರೆ ಉರಿಯೂತವನ್ನು ಅಳೆಯುವ ಸಿಆರ್‌ಪಿ, ಇಎಸ್‌ಆರ್ ಎಂಬ ರಕ್ತಪರೀಕ್ಷೆಗಳನ್ನು ನೋಡುತ್ತಾರೆ. ಅವು ಏರಿದ್ದರೆ ರಕ್ತಹೀನತೆ, ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್, ಪ್ಲೇಟ್‌ಲೆಟ್, ಮೂತ್ರ, ಕೊನೆಗೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಲಕ್ಷಣಗಳೆಲ್ಲ ಒಂದೇ ದಿನ ಕಾಣಬೇಕೆಂಬ ನಿಯಮವೂ ಇಲ್ಲ. ಮೊನ್ನೆ ಬಂದು ಹೋದ ದದ್ದನ್ನು ತಾಯಿಯಿಂದ ಕೇಳಿ ತಿಳಿದರೆ ಎಷ್ಟೋ ಗೊಂದಲ ಬಗೆಹರಿಯುತ್ತದೆ.

ಮಾನದಂಡ ಸಡಿಲಿಸಿದರೆ ದಡಾರ, ಸ್ಕಾರ್ಲೆಟ್ ಜ್ವರ, ಅಡಿನೋವೈರಸ್ ಸೋಂಕಿನ ಮಕ್ಕಳೂ ಚಿಕಿತ್ಸೆಯ ಸಾಲಿಗೆ ಬರುತ್ತಾರೆ. ಇಮ್ಯುನೋಗ್ಲೋಬ್ಯುಲಿನ್ ದಾನಿಗಳ ರಕ್ತದಿಂದ ತಯಾರಾಗುವ, ಬೇಕೆಂದಾಗಲೆಲ್ಲ ಸಿಗದ ಔಷಧಿ. ಕೆಲವರಲ್ಲಿ ಅದು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಅದನ್ನು ಕೊಟ್ಟ ಮೇಲೆ ದಡಾರದ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡಬೇಕು. ಸುಮ್ಮನೆ ಚಿಕಿತ್ಸೆ ಪಡೆದ ಕೂಸಿಗೆ ಈ ವಿಳಂಬ ಸಣ್ಣ ನಷ್ಟವಲ್ಲ. ದೊಡ್ಡ ಮಕ್ಕಳಲ್ಲಿ ಕೋವಿಡ್ ನಂತರ ಬರುವ ಬಹು ಅಂಗಾಂಗ ಉರಿಯೂತವೂ ಇಂಥದೇ ಲಕ್ಷಣ ತೋರುತ್ತದೆ. ಸಡಿಲ ಪಟ್ಟಿಯಿಂದ ಎರಡೂ ಬೆರೆತುಹೋಗುತ್ತವೆ.

ಬದಲಾಗಬೇಕಾದದ್ದು ಅನುಮಾನ ಪಡುವ ಅಭ್ಯಾಸ. ಮೊದಲ ವಾರದ ಎಕೋ ಸಹಜವಾಗಿದ್ದ ಮಾತ್ರಕ್ಕೆ ಕವಾಸಾಕಿ ಇಲ್ಲವೆಂದು ಹೇಳಲಾಗದು. ಜ್ವರ ಇಳಿಯದಿದ್ದರೆ, ಮಗುವಿನ ವಯಸ್ಸು ಎಷ್ಟೇ ಇರಲಿ, ಅದನ್ನು ಮತ್ತೆ ಮಾಡಿಸಬೇಕು.