ಸೃಷ್ಟಿ ಒಮ್ಮೆ ಮಾಡಿ ಬಿಟ್ಟ ಕೆಲಸ ಅಲ್ಲ

ದೇವರು ಲೋಕವನ್ನು ಉಂಟುಮಾಡಿದ, ಆಮೇಲೆ ಅದು ತನ್ನಷ್ಟಕ್ಕೆ ನಡೆಯುತ್ತಿದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಕ್ರೈಸ್ತ ನಂಬಿಕೆ ಹಾಗೆ ಹೇಳುವುದಿಲ್ಲ. ಬೈಬಲ್‌ನ ಕೀರ್ತನೆ 104 ಓದಿ ನೋಡಿ. ತೊರೆಯಲ್ಲಿ ಬಾಯಾರಿಕೆ ತೀರಿಸಿಕೊಳ್ಳುವ ಕಾಡುಕತ್ತೆ, ರಾತ್ರಿ ಆಹಾರಕ್ಕಾಗಿ ಗರ್ಜಿಸುವ ಸಿಂಹದ ಮರಿ, ಎಲ್ಲವೂ ದೇವರ ಕೈಯನ್ನೇ ನೋಡುತ್ತಿರುತ್ತವೆ. ಆತ ಅವುಗಳ ಶ್ವಾಸ ತೆಗೆದುಕೊಂಡರೆ ಮಣ್ಣಿಗೆ ಸೇರುತ್ತವೆ. ಬೈಬಲ್‌ನದ್ದೇ ಇನ್ನೊಂದು ವಚನ, ಕೊಲೊಸ್ಸೆ 1:17, ಇನ್ನೂ ನೇರ: ಸಮಸ್ತಕ್ಕೂ ಕ್ರಿಸ್ತನೇ ಆಧಾರ. ಹಾಗಂತ ಮಳೆಗೆ ಮೋಡ ಬೇಡ, ಬೀಜಕ್ಕೆ ನೀರು ಬೇಡ ಅಂತಲ್ಲ. ಪ್ರಕೃತಿಯ ಕಾರಣಗಳು ನಿಜವಾಗಿಯೂ ಕೆಲಸ ಮಾಡುತ್ತವೆ, ಆದರೆ ಅವು ಇರುವುದೇ ದೇವರಿಂದ, ಸೂರ್ಯ ಇರುವವರೆಗೆ ಮಾತ್ರ ಗಾಳಿಯಲ್ಲಿ ಬೆಳಕು ಇರುವ ಹಾಗೆ, ಅಂತ 13ನೇ ಶತಮಾನದಲ್ಲೇ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಬಿಡಿಸಿ ಹೇಳಿದ್ದರು. ನನಗೆ ಇದು ತುಂಬಾ ಮುಖ್ಯ. ವಿಜ್ಞಾನ ಒಂದನ್ನು ವಿವರಿಸಿತು ಅಂತ ಅಲ್ಲಿಂದ ದೇವರನ್ನು ಹೊರಗೆ ಕಳಿಸಬೇಕಾಗಿಲ್ಲ, ಅಲ್ವಾ?