ಐದು ಗಂಟೆಗೆ ಮೈದಾನ ಬಿಡಬೇಕಂತೆ

ನನ್ನ ಅಕ್ಕನ ಮಗಳಿಗೆ ಫುಟ್‌ಬಾಲ್ ಹುಚ್ಚು ಹಿಡಿದು ಒಂದೂವರೆ ವರ್ಷವಾಯಿತು. ಎಂಟನೆಯ ತರಗತಿ, ಗಿಡ್ಡ ಜಡೆ, ಎಡಗಾಲಿನ ಒದೆತ. ಮಂಗಳೂರಿನ ಒಂದು ಕ್ಲಬ್ (ಹೆಸರು ಬೇಡ, ನಾಳೆ ಅದೇ ಮೈದಾನಕ್ಕೆ ಅವಳು ಹೋಗಬೇಕು) ಹುಡುಗಿಯರ ತಂಡ ಕಟ್ಟುತ್ತಿದೆ ಎಂದು ಗೊತ್ತಾದದ್ದೇ ತಡ, ಅಕ್ಕನನ್ನೂ ಭಾವನನ್ನೂ ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು. ಒಪ್ಪಿಸಿದೆ. ಉದ್ಘಾಟನೆಯ ದಿನ ಬ್ಯಾನರ್, ಶಾಲು, ಹಾರ, ಮೂವರ ಭಾಷಣ. ಅತಿಥಿಯೊಬ್ಬರು ನಾರಿಶಕ್ತಿ ಎಂಬ ಶಬ್ದವನ್ನು ಏಳು ಸಲ ಬಳಸಿದರು, ನಾನು ಎಣಿಸಿದ್ದೇನೆ. ಅಷ್ಟು ಹೊತ್ತೂ ನಾರಿಯರು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದರು.

ಕಳೆದ ಶುಕ್ರವಾರ ಬ್ಯಾಂಕಿನಿಂದ ಬೇಗ ಹೊರಡಲು ಅನುಮತಿ ಸಿಕ್ಕಿತು. ಅವಳ ಅಭ್ಯಾಸ ನೋಡಿ ಹಾಗೆಯೇ ಮನೆಗೆ ಕರೆದುಕೊಂಡು ಬರೋಣ ಎಂದು ಮೈದಾನಕ್ಕೆ ಹೋದೆ. ವೇಳಾಪಟ್ಟಿಯ ಪ್ರಕಾರ ಹುಡುಗಿಯರಿಗೆ ಮೂರೂವರೆಯಿಂದ ಐದು ಗಂಟೆ. ಶಾಲೆ ಬಿಡುವುದೇ ನಾಲ್ಕಕ್ಕೆ ಎಂಬುದು ಆ ಪಟ್ಟಿ ಬರೆದವರಿಗೆ ಹೊಳೆದಿಲ್ಲ, ಅಥವಾ ಹೊಳೆದಿದೆ. ಸ್ಟೇಟ್ ಬ್ಯಾಂಕ್ ನಿಲ್ದಾಣದ ಕಡೆಯ ಬಸ್ಸಿನ ನೂಕುನುಗ್ಗಲಿನಲ್ಲಿ ಚೀಲ ಎದೆಗೆ ಅವುಚಿಕೊಂಡು ಬಂದು ಇಳಿಯುವಾಗ ನಾಲ್ಕೂ ಇಪ್ಪತ್ತೈದು. ಬಟ್ಟೆ ಬದಲಿಸಲು ಒಂದು ಕೋಣೆಯಿದೆ: ಹಳೆಯ ಬಲೆ, ಕಾಲು ಮುರಿದ ಕುರ್ಚಿ, ಗೆರೆ ಎಳೆಯುವ ಸುಣ್ಣದ ಚೀಲ. ಚಿಲಕ ಇಲ್ಲ. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಸ್ಟಡ್ (ಫುಟ್‌ಬಾಲ್ ಬೂಟು) ಕಟ್ಟಿ, ಎರಡು ಸುತ್ತು ಓಡಿ, ಚೆಂಡು ಕಾಲಿಗೆ ತಾಗುವಾಗ ನಾಲ್ಕೂ ಮುಕ್ಕಾಲು. ಐದಕ್ಕೆ ಸರಿಯಾಗಿ ಸೀಟಿ.

"ಹುಡುಗರು ಬಂದರು, ಬದಿಗೆ ಬನ್ನಿ."

ಹದಿನಾಲ್ಕು ಹುಡುಗಿಯರು ಏನೂ ಮಾತಾಡದೆ ಚೆಂಡು ಎತ್ತಿಕೊಂಡು ಗೆರೆಯ ಆಚೆ ನಡೆದರು. ಅಲ್ಲಿ ಹುಲ್ಲಿಲ್ಲ. ಗೋಳಿಮರದ ಬುಡದಿಂದ ಕಾಂಪೌಂಡಿನವರೆಗೆ ಬರೀ ಕೆಂಪು ಚರಳು ಮಣ್ಣು. ಇಬ್ಬಿಬ್ಬರು ಎದುರುಬದುರು ನಿಂತು ಪಾಸ್ ಕೊಡುವುದನ್ನು ಅಭ್ಯಾಸ ಮಾಡಿದರು. ಚರಳಿಗೆ ತಾಗಿದ ಚೆಂಡು ಎತ್ತ ಹಾರುತ್ತದೆ ಎಂದು ಹೇಳಲು ಬರುವುದಿಲ್ಲ, ಪ್ರತಿ ಮೂರನೆಯ ಪಾಸಿಗೆ ಒಬ್ಬಳು ಗೇಟಿನವರೆಗೆ ಓಡಬೇಕು. ಆ ಮರದಡಿಯಲ್ಲಿ ಅವರು ಕಲಿಯುತ್ತಿರುವುದು ಚೆಂಡು ಹೆಕ್ಕುವುದನ್ನು ಎಂದು ನನಗೆ ಅನಿಸಿತು. ನನ್ನನ್ನು ಹೆಚ್ಚು ಚುಚ್ಚಿದ್ದು ಇದಲ್ಲ, ಅವರು ಮೈದಾನ ಬಿಟ್ಟುಕೊಟ್ಟ ರೀತಿ. ಸೀಟಿ ಊದುವ ಮೊದಲೇ ಇಬ್ಬರು ಕೋನ್‌ಗಳನ್ನು ಹೆಕ್ಕಲು ಆರಂಭಿಸಿದ್ದರು. ಅಭ್ಯಾಸವಾಗಿಬಿಟ್ಟಿದೆ.

ಕೋಚ್ ಒಳ್ಳೆಯ ಹುಡುಗ. ಸಂಬಳ ಎಂದು ಹೇಳುವಷ್ಟು ಅವನಿಗೂ ಏನೂ ಸಿಗುವುದಿಲ್ಲ. "ಅಕ್ಕಾ, ನನ್ನ ಕೈಯಲ್ಲಿ ಏನಿದೆ?" ಎಂದ. ನಿಜ, ಅವನ ಕೈಯಲ್ಲಿ ಸೀಟಿ ಮಾತ್ರ ಇದೆ.

ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ಹೆಣ್ಣುಮಕ್ಕಳ ಆಟ ಹೊಸತೇನೂ ಅಲ್ಲ. 2012ರಲ್ಲಿ ಭಾರತದ ಮಹಿಳಾ ಕಬಡ್ಡಿ ತಂಡ ವಿಶ್ವಕಪ್ ಗೆದ್ದಾಗ ನಾಯಕಿ ನಮ್ಮ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ. ಶಾಲೆಗಳಲ್ಲಿ ತ್ರೋಬಾಲ್ ಆಡದ ಹುಡುಗಿಯನ್ನು ಹುಡುಕಬೇಕು. ಆದರೆ ಲೆಕ್ಕ ಹಾಕಿ ನೋಡಿ. ಮಹಿಳೆಯರ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ಎರಡೂವರೆ ಸೆಂಟ್ಸಿನೊಳಗೆ (ನೂರು ಸೆಂಟ್ಸಿಗೆ ಒಂದು ಎಕರೆ) ಮುಗಿಯಿತು, ಮನೆಯ ಅಂಗಳ ಸಾಕು. ಫುಟ್‌ಬಾಲ್ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲ. 175 ಸೆಂಟ್ಸ್ ದಾಟುತ್ತದೆ. ಮಂಗಳೂರಿನಲ್ಲಿ ಐದು ಸೆಂಟ್ಸಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಅಷ್ಟು ದೊಡ್ಡ ಜಾಗ, ಬೆಳಕಿರುವ ಹೊತ್ತಿನಲ್ಲಿ, ಹೆಣ್ಣುಮಕ್ಕಳಿಗೆ ಬಿಡಬೇಕು ಎಂದರೆ ಅದು ಆಟದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಆಸ್ತಿಯ ಪ್ರಶ್ನೆಯಾಗುತ್ತದೆ.

ಇದು ನನ್ನ ಕಲ್ಪನೆಯಲ್ಲ, ಇತಿಹಾಸವೇ ಹಾಗಿದೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕೆರ್ ಲೇಡೀಸ್ ಎಂಬ ತಂಡದ ಪಂದ್ಯ ನಡೆಯಿತು. ಪ್ರೆಸ್ಟನ್ ಎಂಬ ಊರಿನ ಕಾರ್ಖಾನೆಯ ಕೆಲಸದ ಹೆಂಗಸರು ಕಟ್ಟಿಕೊಂಡ ತಂಡ ಅದು. ಯುದ್ಧಕಾಲದಲ್ಲಿ ಅಲ್ಲಿ ಮದ್ದುಗುಂಡು ತಯಾರಾಗುತ್ತಿತ್ತು. ಪಂದ್ಯ ನೋಡಲು ಬಂದವರು 53,000 ಜನ, ಜಾಗ ಸಿಗದೆ ಹೊರಗೆ ಉಳಿದವರು ಇನ್ನೂ ಸಾವಿರಾರು. ವರ್ಷ ತುಂಬುವ ಮೊದಲೇ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ನಿರ್ಣಯ ಮಾಡಿತು. ಫುಟ್‌ಬಾಲ್ ಹೆಂಗಸರಿಗೆ ಹೇಳಿಸಿದ್ದಲ್ಲ ಎಂದಿತು. ಆದರೆ ನೀವು ಆಡಕೂಡದು ಎಂದು ಹೇಳಲಿಲ್ಲ. ತನ್ನ ಸದಸ್ಯ ಕ್ಲಬ್‌ಗಳು ಹೆಂಗಸರ ಪಂದ್ಯಕ್ಕೆ ಮೈದಾನ ಕೊಡಬಾರದು ಎಂದಿತು. ಅಷ್ಟೇ ಸಾಕಾಯಿತು. ಐವತ್ತು ವರ್ಷ ಆ ನಿರ್ಣಯ ಹಾಗೆಯೇ ಇತ್ತು. ಹೆಂಗಸರು ಪಾರ್ಕುಗಳಲ್ಲಿ, ಊರಾಚೆಯ ಬಯಲುಗಳಲ್ಲಿ ಆಡಿದರು; ಅಂದರೆ ಅವರವರ ಗೋಳಿಮರದ ಬುಡದಲ್ಲಿ.

ಹಾಗಾಗಿ "ಹೆಂಗಸರ ಫುಟ್‌ಬಾಲ್ ನೋಡಲು ಯಾರು ಬರುತ್ತಾರೆ? ದುಡ್ಡು ಎಲ್ಲಿಂದ ಬರಬೇಕು?" ಎಂದು ಕೇಳುವವರಿಗೆ ನನ್ನದೊಂದು ವಿನಂತಿ. ಅಂಗಡಿಗೆ ಐವತ್ತು ವರ್ಷ ಬೀಗ ಜಡಿದು, ತೆರೆದ ಮರುದಿನವೇ ವ್ಯಾಪಾರ ಎಷ್ಟಾಯಿತು ಎಂದು ಕೇಳಬೇಡಿ. ನಾನು ಬ್ಯಾಂಕಿನವಳು, ಬ್ಯಾಲೆನ್ಸ್ ಶೀಟ್ ನೋಡುವುದೇ ನನ್ನ ಕಸುಬು. ಸಾಲ ಕೇಳಲು ಬಂದ ಹೊಸಬನ ಹತ್ತಿರವೂ ನಾವು ಮೊದಲ ವರ್ಷವೇ ಲಾಭ ಕೇಳುವುದಿಲ್ಲ.

ದೊಡ್ಡ ಕ್ಲಬ್‌ಗಳ ಒಳಗೆ ಮಹಿಳಾ ತಂಡ ಬೆಳೆದ ಕಥೆಗಳು ಬಹಳ ಚಂದ. ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಮಹಿಳಾ ತಂಡವನ್ನು 1987ರಲ್ಲಿ ಕಟ್ಟಿದ ವಿಕ್ ಏಕರ್ಸ್ ಅದೇ ಕ್ಲಬ್ಬಿನ ಪುರುಷರ ತಂಡದ ಜೆರ್ಸಿ, ಬೂಟು ನೋಡಿಕೊಳ್ಳುವ ಕೆಲಸವನ್ನೂ ವರ್ಷಗಟ್ಟಲೆ ಮಾಡಿದವರು. ಆ ತಂಡ 2007ರಲ್ಲಿ ಯುರೋಪಿನ ಕಪ್ ಗೆದ್ದಿತು, 2025ರಲ್ಲಿ ಲಿಸ್ಬನ್‌ನಲ್ಲಿ ಸ್ಪೇನಿನ ಬಾರ್ಸಿಲೋನಾವನ್ನು 1-0ರಿಂದ ಸೋಲಿಸಿ ಮತ್ತೊಮ್ಮೆ ಗೆದ್ದಿತು. ಫ್ರಾನ್ಸಿನ ಲಿಯಾನ್ ಕ್ಲಬ್ 2004ರಲ್ಲಿ ಮಹಿಳಾ ತಂಡವೊಂದನ್ನು ತನ್ನ ಮಡಿಲಿಗೆ ಹಾಕಿಕೊಂಡು, 2011ರಿಂದ 2022ರೊಳಗೆ ಎಂಟು ಸಲ ಯುರೋಪಿನ ಅದೇ ಕಪ್, ಅಂದರೆ ಚಾಂಪಿಯನ್ಸ್ ಲೀಗ್, ಎತ್ತಿತು. ಬಾರ್ಸಿಲೋನಾ 2015ರಲ್ಲಿ ತನ್ನ ಹೆಣ್ಣುಮಕ್ಕಳನ್ನು ಪೂರ್ಣ ವೃತ್ತಿಪರರನ್ನಾಗಿ ಮಾಡಿತು. ಏಳೇ ವರ್ಷ, 2022ರ ಏಪ್ರಿಲ್‌ನಲ್ಲಿ ಕ್ಯಾಂಪ್ ನೋ ಮೈದಾನದಲ್ಲಿ ಅವರ ಪಂದ್ಯಕ್ಕೆ 91,648 ಜನ. ಅದರ ವಿಡಿಯೊವನ್ನು ನಮ್ಮ ಹುಡುಗಿ ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಆದರೆ ಅದೇ ತಂಡದ ದಿನನಿತ್ಯದ ಲೀಗ್ ಪಂದ್ಯಗಳು ನಡೆಯುವುದು ಆರು ಸಾವಿರ ಜನ ಹಿಡಿಯುವ ಇನ್ನೊಂದು ಮೈದಾನದಲ್ಲಿ. ಜಾತ್ರೆಯ ದಿನ ಮಾತ್ರ ದೊಡ್ಡ ರಥ.

ಈಗ ಚಂದವಲ್ಲದ ಕಥೆಗಳು. ನನಗೆ ಹೇಳಬೇಕಾಗಿರುವುದು ಇವನ್ನೇ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಹಿರಿಯ ಮಹಿಳಾ ತಂಡವನ್ನು 2005ರಲ್ಲಿ ಮುಚ್ಚಿತು. ಪ್ರಪಂಚದ ಶ್ರೀಮಂತ ಕ್ಲಬ್‌ಗಳಲ್ಲೊಂದು ಅದು, ಬಡತನದಿಂದ ಮುಚ್ಚಿದ್ದಲ್ಲ. ಮತ್ತೆ ಕಟ್ಟಲು ಮನಸ್ಸು ಬಂದದ್ದು 2018ರಲ್ಲಿ. ಆ ಹೊಸ ತಂಡ 2024ರ ಮೇ 12ರಂದು ವೆಂಬ್ಲಿಯಲ್ಲಿ ಟಾಟನ್‌ಹ್ಯಾಮ್ ವಿರುದ್ಧ 4-0 ಗೋಲುಗಳಿಂದ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಎಫ್‌ಎ ಕಪ್ ಗೆದ್ದಿತು. ಮರುತಿಂಗಳೇ ಸುದ್ದಿ ಬಂತು: ತರಬೇತಿ ಕೇಂದ್ರದಲ್ಲಿ ಪುರುಷರ ಕಟ್ಟಡದ ನವೀಕರಣವಿದೆ, ಆದ್ದರಿಂದ ಪುರುಷರು ಮಹಿಳೆಯರ ಕಟ್ಟಡಕ್ಕೆ ಬರುತ್ತಾರೆ, ಮಹಿಳೆಯರು ತಾತ್ಕಾಲಿಕ ಶೆಡ್ಡುಗಳಿಗೆ ಹೋಗುತ್ತಾರೆ. ಕಪ್ ಗೆದ್ದವರು! ನಮ್ಮ ಕ್ಲಬ್ಬಿನ ಚಿಲಕವಿಲ್ಲದ ಕೋಣೆ ನನಗೆ ಆಗ ಮ್ಯಾಂಚೆಸ್ಟರಿಗೆ ಬಹಳ ಹತ್ತಿರವಿದ್ದಂತೆ ಕಂಡಿತು.

ಅಷ್ಟು ದೂರ ಯಾಕೆ, ಕೊಚ್ಚಿಗೆ ಹೋಗೋಣ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇಆಫ್. ಬೆಂಗಳೂರು ತಂಡದ ಸುನಿಲ್ ಛೆಟ್ರಿ ಎದುರಾಳಿಗಳು ಸಿದ್ಧರಾಗುವ ಮೊದಲೇ ತಟ್ಟನೆ ಫ್ರೀಕಿಕ್ ಹೊಡೆದು ಗೋಲು ಮಾಡಿದರು, ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ಆಟಗಾರರು ಸಿಟ್ಟಿನಿಂದ ಮೈದಾನ ಬಿಟ್ಟು ಹೊರನಡೆದರು. ಫುಟ್‌ಬಾಲ್ ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು. ಜೂನ್‌ನಲ್ಲಿ ಕ್ಲಬ್ ಆ ದಂಡವನ್ನೇ ಕಾರಣವಾಗಿ ತೋರಿಸಿ, ಹಿಂದಿನ ವರ್ಷವಷ್ಟೇ ಆರಂಭಿಸಿದ್ದ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸುವುದಾಗಿ ಪ್ರಕಟಿಸಿತು. ಮತ್ತೊಮ್ಮೆ ಓದಿ. ಮೈದಾನ ಬಿಟ್ಟು ನಡೆದವರು ಗಂಡಸರು. ಮೈದಾನ ಕಳೆದುಕೊಂಡವರು ಹೆಂಗಸರು.

ನಮ್ಮ ಕಡೆಯ ಮದುವೆಯ ಊಟಕ್ಕೆ ಇದನ್ನು ಹೋಲಿಸಿದರೆ ಬೇಗ ಅರ್ಥವಾಗುತ್ತದೆ. ಮೊದಲ ಪಂಕ್ತಿಯವರಿಗೆ ಹೋಳಿಗೆಗೆ ತುಪ್ಪ ಕೇಳಿ ಕೇಳಿ ಬಡಿಸುತ್ತಾರೆ. ಕೊನೆಯ ಪಂಕ್ತಿಯಲ್ಲಿ, ಬಡಿಸಿ ಸುಸ್ತಾದ ಮನೆಯ ಹೆಂಗಸರು ಕುಳಿತಾಗ, ಪಾಯಸದ ಕೊಪ್ಪರಿಗೆಯ ತಳ ಕೆರೆಯುವ ಸದ್ದು ಕೇಳುತ್ತದೆ. ಯಾರೂ ಬೇಕೆಂದೇ ಹಾಗೆ ಮಾಡುವುದಿಲ್ಲ. ನೆಂಟರು ಹೆಚ್ಚಾದರೆ, ಅಡುಗೆ ಕಡಿಮೆಬಿದ್ದರೆ, ಕೊರತೆ ಕೊನೆಯ ಪಂಕ್ತಿಗೆ ತಾನಾಗಿಯೇ ಹೋಗಿ ಸೇರುತ್ತದೆ, ಅಷ್ಟೇ. ಕ್ಲಬ್ಬಿನ ಒಳಗೆ ಮಹಿಳಾ ತಂಡ ಬೆಳೆದಿದೆಯೇ ಎಂದು ನೋಡಲು ನನಗೆ ಗೆದ್ದ ಕಪ್ ಬೇಡ, ಪ್ರೇಕ್ಷಕರ ಸಂಖ್ಯೆಯೂ ಬೇಡ. ಕೊರತೆ ಬಂದ ದಿನ ಯಾರ ಎಲೆ ಖಾಲಿ ಎಂದು ನೋಡಿದರೆ ಸಾಕು.

ಬೇರೆ ರೀತಿ ಮಾಡಲು ಬರುವುದಿಲ್ಲ ಎಂದೇನೂ ಇಲ್ಲ. ಬೆಳಿಗ್ಗೆ ಇಲ್ಲಿ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ತಲುಪುವ ಕೋಯಿಕ್ಕೋಡ್‌ನಲ್ಲಿ ಗೋಕುಲಂ ಕೇರಳ ಎಂಬ ಕ್ಲಬ್ ಇದೆ. ಹುಟ್ಟಿದ್ದು 2017ರಲ್ಲಿ. ಪುರುಷರ ತಂಡ ಐ-ಲೀಗ್ ಗೆದ್ದದ್ದು 2021ರಲ್ಲಿ. ಹೆಂಗಸರು ಅದಕ್ಕಿಂತ ಒಂದು ವರ್ಷ ಮೊದಲೇ, 2020ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ಭಾರತೀಯ ಮಹಿಳಾ ಲೀಗ್ ಗೆದ್ದು ಬಂದಿದ್ದರು. ಆಮೇಲೆ ಇನ್ನೂ ಎರಡು ಸಲ ಗೆದ್ದರು. 2022ರ ಆಗಸ್ಟ್‌ನಲ್ಲಿ ಏಷ್ಯಾದ ಕ್ಲಬ್ ಟೂರ್ನಿಗಾಗಿ ತಾಷ್ಕೆಂಟ್‌ಗೂ ಹೋದರು. ಅಲ್ಲಿ ಇಳಿದ ಮೇಲೆ ಗೊತ್ತಾಯಿತು, ದೆಹಲಿಯ ಕುರ್ಚಿ ಜಗಳದಿಂದಾಗಿ ನಮ್ಮ ಫೆಡರೇಷನ್ನನ್ನು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಅಮಾನತು ಮಾಡಿದೆ ಎಂದು. ಆಡದೆ ಹಿಂದಿರುಗಿದರು. ಅಂದರೆ ಕ್ಲಬ್ ಮೊದಲ ಪಂಕ್ತಿಯಲ್ಲಿ ಕೂರಿಸಿದರೂ ಎಲೆ ಎಳೆಯುವವರು ಬೇರೆ ಇರುತ್ತಾರೆ.

ಭಾರತೀಯ ಮಹಿಳಾ ಲೀಗ್ ಕೂಡ ಮೊದಲು ಹೆಸರಿಗೆ ಮಾತ್ರ ಲೀಗ್ ಆಗಿತ್ತು. 2017ರ ಮೊದಲ ಆವೃತ್ತಿಯ ಅಂತಿಮ ಸುತ್ತು ದೆಹಲಿಯ ಒಂದೇ ಮೈದಾನದಲ್ಲಿ ಎರಡು ಮೂರು ವಾರಗಳಲ್ಲಿ ಮುಗಿದುಹೋಯಿತು. ತವರು ಮೈದಾನ, ಎದುರಾಳಿಯ ಮೈದಾನ ಎಂದು ತಂಡಗಳು ಓಡಾಡುವ ವ್ಯವಸ್ಥೆ ಬಂದದ್ದು 2023-24ರಲ್ಲಿ. ಆ ಸಲ ಆಡಿದ್ದು ಏಳು ತಂಡ. ಅದರಲ್ಲಿ ಐಎಸ್‌ಎಲ್ ಕ್ಲಬ್‌ಗಳು ಎರಡೇ, ಒಡಿಶಾ ಮತ್ತು ಈಸ್ಟ್ ಬೆಂಗಾಲ್. ಆ ವರ್ಷ ಒಡಿಶಾ ಗೆದ್ದಿತು, ಮರುವರ್ಷ ಈಸ್ಟ್ ಬೆಂಗಾಲ್. ದೊಡ್ಡ ಕ್ಲಬ್ಬಿನ ಮೈದಾನ, ವೈದ್ಯರು, ಬಸ್ಸು ಬೆನ್ನಿಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಉಳಿದ ಐಎಸ್‌ಎಲ್ ಕ್ಲಬ್‌ಗಳು ಆಗ ಏನು ಮಾಡುತ್ತಿದ್ದವು ಎಂದು ಕೇಳುವ ಹಕ್ಕು ಟಿಕೆಟ್ ಕೊಂಡ ನಮಗೆಲ್ಲ ಇದೆ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2-1ರಿಂದ ಮಣಿಸಿ ನಮ್ಮ ರಾಷ್ಟ್ರೀಯ ಮಹಿಳಾ ತಂಡ ಅರ್ಹತಾ ಸುತ್ತಿನ ಮೂಲಕ ಮೊದಲ ಬಾರಿಗೆ ಏಷ್ಯನ್ ಕಪ್‌ಗೆ ಹೋಯಿತು. ಸಂಗೀತಾ ಬಾಸ್ಫೋರ್ ಅವರ ಎರಡು ಗೋಲು. ಅಂದು ನಮ್ಮ ಮನೆಯಲ್ಲಿ ಭಾವನೂ ಟಿವಿಯ ಮುಂದೆ ಬಂದು ಕುಳಿತಿದ್ದರು, ಪತ್ರಿಕೆ ಹಿಡಿದುಕೊಂಡೇ, ತನಗೇನೂ ಆಸಕ್ತಿ ಇಲ್ಲ ಎಂಬಂತೆ.

ನಡುವೆ ಒಂದು ಮಾತು, ಸ್ಟಡ್ ಬಗ್ಗೆ. ಅವಳಿಗೆ ಸ್ಟಡ್ ತೆಗೆದುಕೊಳ್ಳಲು ಹಂಪನಕಟ್ಟೆಯ ಸುತ್ತಮುತ್ತ ಮೂರು ಅಂಗಡಿ ಹತ್ತಿಳಿದೆ. "ಹುಡುಗಿಯರದ್ದು ಬರುವುದಿಲ್ಲ ಮೇಡಂ, ಹುಡುಗರ ನಾಲ್ಕನೆಯ ನಂಬರ್ ಕೊಡಲೇ?" ಎಂದೇ ಮೂವರೂ ಕೇಳಿದರು. ಕೊಂಡೆ. ಹಿಮ್ಮಡಿ ಸಡಿಲ, ಮುಂದೆ ಬಿಗಿ. ಎರಡು ಜೊತೆ ಕಾಲುಚೀಲ ಹಾಕಿ ಆಡುತ್ತಾಳೆ. 2022-23ರ ಒಂದೇ ಋತುವಿನಲ್ಲಿ ಆರ್ಸೆನಲ್‌ನ ನಾಲ್ವರು ಆಟಗಾರ್ತಿಯರು ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು ಕುಳಿತಾಗ, ಗಂಡಸರ ಪಾದದ ಅಳತೆಗೆ ಮಾಡಿದ ಬೂಟುಗಳ ಬಗ್ಗೆ ಯುರೋಪಿನಲ್ಲಿ ದೊಡ್ಡ ಚರ್ಚೆಯಾಯಿತು. ನಮ್ಮಲ್ಲಿ ಚರ್ಚೆ ಇನ್ನೂ ಚಿಲಕದ ಹತ್ತಿರವೇ ಇದೆ.

ಶುಕ್ರವಾರ ಸಂಜೆ ಕಾರ್ಯದರ್ಶಿಯವರನ್ನು ಕಂಡೆ. ಸಜ್ಜನರು, ಚಹಾ ತರಿಸಿದರು. ವಾರದಲ್ಲಿ ಮೂರು ದಿನ ಐದರಿಂದ ಆರೂಕಾಲರವರೆಗೆ ಹುಡುಗಿಯರಿಗೆ, ಉಳಿದ ದಿನ ಹುಡುಗರಿಗೆ ಬಿಡಬಹುದಲ್ಲವೇ ಎಂದು ಕೇಳಿದೆ. ಹುಡುಗರಿಗೆ ಪಂದ್ಯಾವಳಿ ಹತ್ತಿರ ಬಂತು ಎಂದರು. ಹುಡುಗಿಯರಿಗೆ ಯಾವಾಗ ಎಂದೆ. ಅವರಿಗೆ ಸದ್ಯಕ್ಕೆ ಪಂದ್ಯಾವಳಿ ಇಲ್ಲವಲ್ಲ ಎಂದರು. ಯಾಕೆ ಇಲ್ಲ ಎಂದೆ. ತಂಡ ಇನ್ನೂ ಪಳಗಿಲ್ಲ ಎಂದರು. ಹದಿನೈದು ನಿಮಿಷದಲ್ಲಿ ಹೇಗೆ ಪಳಗಬೇಕು ಮಾರಾಯರೇ ಎಂದು ಕೇಳಬೇಕೆಂದಿದ್ದೆ. ಚಹಾ ಅವರದ್ದು, ಆದ್ದರಿಂದ ಸ್ವಲ್ಪ ಮೆತ್ತಗೆ ಕೇಳಿದೆ. ಕೊನೆಗೆ "ಕಮಿಟಿಯಲ್ಲಿ ಇಡುತ್ತೇನೆ" ಎಂದರು. ಕಮಿಟಿಯಲ್ಲಿ ಹನ್ನೊಂದು ಜನ, ಹನ್ನೊಂದೂ ಗಂಡಸರು, ಒಂದು ತಂಡಕ್ಕೆ ಸರಿಯಾಗಿ.

ಹೊರಗೆ ಬಂದರೆ ಅವಳು ಕಟ್ಟೆಯ ಮೇಲೆ ಕುಳಿತು ಸ್ಟಡ್ಡಿನ ಸಂದಿಯಿಂದ ಕೆಂಪು ಮಣ್ಣನ್ನು ಹೇರ್‌ಪಿನ್ನಿನಲ್ಲಿ ಕೆರೆಯುತ್ತಿದ್ದಳು. "ಚಿಕ್ಕಮ್ಮ, ಏನು ಹೇಳಿದರು?" ಎಂದಳು. ಹೇಳಿದೆ. ಒಂದು ಕ್ಷಣ ಯೋಚಿಸಿ, "ಮೂರು ದಿನ ಬೇಡ, ಎರಡು ದಿನ ಕೊಟ್ಟರೂ ಸಾಕು ಎನ್ನಬೇಕಿತ್ತು" ಎಂದಳು. ಹದಿಮೂರು ವರ್ಷಕ್ಕೇ ಚೌಕಾಸಿ ಕಲಿತಿದ್ದಾಳೆ, ಅದೂ ತನ್ನದೇ ಪಾಲನ್ನು ಕಡಿಮೆ ಮಾಡಿಕೊಳ್ಳಲು. ನಾನು ಮೂರು ದಿನಕ್ಕೇ ಅಂಟಿಕೊಳ್ಳುತ್ತೇನೆ.

ಕಮಿಟಿ ಸಭೆ ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಪೋಷಕರು ಬರುವ ಪದ್ಧತಿ ಇಲ್ಲವಂತೆ, ಬರಬಾರದು ಎಂಬ ನಿಯಮವೂ ಇಲ್ಲವಂತೆ. ಆ ತಂಡದಲ್ಲಿ ನಿಮ್ಮ ಮಗಳೋ ತಂಗಿಯೋ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಒಂಬತ್ತೂವರೆಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಸೇರಿ ಒಟ್ಟಿಗೆ ಹೋಗೋಣ. ಬರುವಾಗ ಯಾರಾದರೂ ಒಂದು ಚಿಲಕ, ನಾಲ್ಕು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ತಂದರೆ ಆ ಕೆಲಸವನ್ನಾದರೂ ಸಭೆ ಮುಗಿಯುವುದರೊಳಗೆ ಮಾಡಿಬಿಡಬಹುದು.